ಗದ್ದೆಯಿಂದ ಎದ್ದ ಅನಿಲ ಗಾಳಿಯಲ್ಲಿ ಕಣವಾಗುವ ಬಗೆ



ಪಾತ್ರೆಗೆ ಕಲಾಯಿ ಹಾಕುವುದನ್ನು ನಿಮ್ಮಲ್ಲಿ ವಯಸ್ಸಾದವರೆಲ್ಲ ನೋಡಿರುತ್ತೀರಿ. ಊರ ಮುಂದಿನ ಮರದ ಕೆಳಗೆ ನೆಲದಲ್ಲೊಂದು ಕುಣಿ ತೋಡಿ, ತಿದಿ ಹೂಡಿ, ಇದ್ದಿಲು ಕೆಂಡವಾದ ಮೇಲೆ ಹಿತ್ತಾಳೆಯ ಪಾತ್ರೆಯನ್ನು ಕಾಯಿಸುತ್ತಾರೆ. ಪಾತ್ರೆ ಚೆನ್ನಾಗಿ ಕಾದಾಗ ತವರ ಸವರಿ, ಒಂದು ಚಿಟಿಕೆ ನವಸಾಗರದ ಪುಡಿ ಉದುರಿಸಿ, ಅರಳೆಯಿಂದ ಒರೆಸುತ್ತಾರೆ. ನವಸಾಗರ ಬಿದ್ದ ಕೂಡಲೇ ಬಿಳಿಯ ಹೊಗೆ ಭುಗ್ಗೆಂದು ಏಳುತ್ತದೆ. ಸುತ್ತ ನಿಂತ ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ.

ಅದು ಹೊಗೆಯೇ? ಅಲ್ಲಿ ಸುಟ್ಟದ್ದೇನೂ ಇಲ್ಲ. ನವಸಾಗರವೆಂಬುದು ಎರಡು ಅನಿಲಗಳು ಕೂಡಿ ಆದ ಉಪ್ಪು. ಒಂದು ಅಮೋನಿಯಾ, ಇನ್ನೊಂದು ಹೈಡ್ರೋಜನ್ ಕ್ಲೋರೈಡ್. ಕಾದ ಪಾತ್ರೆಯ ಮೇಲೆ ಬಿದ್ದೊಡನೆ ಉಪ್ಪು ಒಡೆದು ಈ ಎರಡು ಅನಿಲಗಳಾಗುತ್ತದೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಗೇಣುದ್ದ ಮೇಲೇರಿ ತಂಪು ಗಾಳಿ ತಾಗಿದಾಗ ಅವು ಮರಳಿ ಕೂಡಿಕೊಂಡು ಅತಿ ಸಣ್ಣ ಕಣಗಳಾಗುತ್ತವೆ. ನಾವು ಹೊಗೆಯೆನ್ನುವುದು ಹೀಗೆ ಗಾಳಿಯಲ್ಲಿ ಹೊಸದಾಗಿ ಹುಟ್ಟಿದ ನವಸಾಗರದ ಕಣಗಳ ರಾಶಿಯನ್ನೇ.

ಇದೇ ಕೆಲಸ ನಮ್ಮ ಗದ್ದೆ ಹೊಲಗಳ ಮೇಲಿನ ಗಾಳಿಯಲ್ಲಿ ದಿನವೂ ನಡೆಯುತ್ತಿದೆ. ಅಲ್ಲಿ ತಿದಿಯಿಲ್ಲ, ಕೆಂಡವಿಲ್ಲ, ಕಣ್ಣಿಗೆ ಬೀಳುವ ಬಿಳುಪೂ ಇಲ್ಲ. ಆದರೆ ಬೇಕಾದ ಎರಡು ಅನಿಲಗಳಲ್ಲಿ ಒಂದನ್ನು ಒದಗಿಸುತ್ತಿರುವವರು ನಾವು. ಅದೂ ದುಡ್ಡು ಕೊಟ್ಟು ತಂದ ಯೂರಿಯಾ ಚೀಲದಿಂದ.

ಪ್ರಾತ್ಯಕ್ಷಿಕೆ ತಾಕಿನಲ್ಲಿ ಆದದ್ದು

ನಾನು ಕೆಲಸಕ್ಕೆ ಸೇರಿದ ಹೊಸತು, 2006ರ ಮುಂಗಾರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂದು ಊರಿನಲ್ಲಿ ಭತ್ತದ ಪ್ರಾತ್ಯಕ್ಷಿಕೆ ತಾಕು ಹಾಕಿಸಿದ್ದೆ. ಎರೆಭೂಮಿ, ಸುಣ್ಣದ ಹರಳು ಬೆರೆತ ಮಣ್ಣು. ನಾಟಿ ಮಾಡಿ ಮೂರು ವಾರ ಕಳೆದಿತ್ತು. ಮೇಲುಗೊಬ್ಬರ ಹಾಕಿಸುವ ದಿನ ಬೆಳಗಿನ ಬಸ್ಸು ತಪ್ಪಿ, ನಾನು ಊರು ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಗದ್ದೆಯಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು, ಅದರ ಮೇಲೆ ಹಸಿರು ಪಾಚಿ. ನೀರು ಬಸಿಯಲು ಹೊತ್ತಿಲ್ಲವೆಂದು ನಿಂತ ನೀರಿಗೇ ಯೂರಿಯಾ ಎರಚಿಸಿದೆ. ಉರಿಬಿಸಿಲು, ಗಾಳಿಯೂ ಬೀಸುತ್ತಿತ್ತು.

ಪಕ್ಕದ ಗದ್ದೆ ಒಬ್ಬ ವಯಸ್ಸಾದ ಯಜಮಾನರದು. ಅವರು ನೀರು ಬಸಿದು, ಕೆಸರಿನ ಮೇಲೆ ಗೊಬ್ಬರ ಹಾಕಿ, ಆಳುಗಳಿಂದ ಕಳೆ ತುಳಿಸಿ, ಮಾರನೆಯ ದಿನ ಸಂಜೆ ನೀರು ಬಿಟ್ಟಿದ್ದರು. ಹದಿನೈದು ದಿನಕ್ಕೆ ನಾನು ಮರಳಿ ಹೋದಾಗ ಅವರ ಪೈರು ಕಡುಹಸಿರಾಗಿತ್ತು. ಇಲಾಖೆಯ ಬೋರ್ಡು ನೆಟ್ಟ ನನ್ನ ತಾಕು ತಿಳಿಹಳದಿಯಾಗಿ ನಿಂತಿತ್ತು.

‘ಸಾಹೇಬ್ರ, ಗೊಬ್ಬರ ಭೂಮಿಗೆ ಹಾಕಿಸಿದ್ರೋ, ಗಾಳಿಗೆ ಹಾಕಿಸಿದ್ರೋ? ಮೂರು ದಿನ ಮೂಗಿಗೆ ಬಡೀತಿತ್ತಲ್ರೀ’ ಎಂದರು ಯಜಮಾನರು.

‘ಆವಿಯಾಗಿ ಹೋಗೈತ್ರೀ ಯಜಮಾನ್ರ’ ಎಂದೆ.

‘ಆವಿಯಾಗಿ ಎಲ್ಲಿಗೆ ಹೋತ್ರೀ?’

ಉತ್ತರ ನನ್ನ ಬಳಿ ಇರಲಿಲ್ಲ. ಕೃಷಿ ಪದವಿಯ ಪಾಠದಲ್ಲಿ ‘ಅನಿಲ ರೂಪದಲ್ಲಿ ಸಾರಜನಕದ ನಷ್ಟ’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಮಣ್ಣಿನಿಂದ ಹೊರಬಿದ್ದದ್ದು ನಮ್ಮ ಲೆಕ್ಕದಿಂದಲೂ ಹೊರಬಿದ್ದಂತೆ. ಆ ಯಜಮಾನರು ಈಗಿಲ್ಲ. ಅವರು ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಬರೆಯೋಣವೆಂದು ಈ ಲೇಖನ.

ಮೊದಲು ಗದ್ದೆಯಲ್ಲಿ ನಡೆದದ್ದನ್ನು ತಿಳಿಯೋಣ. ಯೂರಿಯಾ ತಾನಾಗಿ ಹಾರುವ ವಸ್ತುವಲ್ಲ. ಮಣ್ಣಿನಲ್ಲೂ ಕೊಳೆತ ಕಸಕಡ್ಡಿಯಲ್ಲೂ ಯೂರಿಯೇಸ್ ಎಂಬ ಕಿಣ್ವವಿರುತ್ತದೆ. ಅದು ಯೂರಿಯಾವನ್ನು ಎರಡು ಮೂರು ದಿನಗಳಲ್ಲೇ ಒಡೆದು ಅಮೋನಿಯಂ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಇದು ಕ್ಷಾರ ಗುಣದ್ದು. ಅಮೋನಿಯಂ ರೂಪದಲ್ಲಿರುವ ತನಕ ಸಾರಜನಕ ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ. ಕ್ಷಾರ ಹೆಚ್ಚಿದಂತೆ ಅದು ಅಮೋನಿಯಾ ಅನಿಲವಾಗಿ ಬಿಡಿಸಿಕೊಳ್ಳುತ್ತದೆ. ನೀರಿನ ರಸಸಾರ 7 ಇದ್ದರೆ ನೂರು ಪಾಲಿನಲ್ಲಿ ಒಂದು ಪಾಲೂ ಅನಿಲವಾಗಿರುವುದಿಲ್ಲ. 8 ಆದರೆ ಏಳೆಂಟು ಪಾಲು. 9ರ ಹತ್ತಿರ ಬಂತೆಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಪಾಚಿ ಕಟ್ಟಿದ ಗದ್ದೆಯ ನೀರು ಹಗಲಿನಲ್ಲಿ ಬದಲಾಗುತ್ತದೆ. ಬಿಸಿಲು ಬಿದ್ದಾಗ ಪಾಚಿ ನೀರಿನಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ಅದು ಹೋದಂತೆ ನೀರಿನ ರಸಸಾರ ಏರಿ, ಮಧ್ಯಾಹ್ನದ ಹೊತ್ತಿಗೆ 9ನ್ನೂ ದಾಟಬಹುದು. ರಾತ್ರಿ ಮತ್ತೆ ಇಳಿಯುತ್ತದೆ. ಎಂದರೆ, ನಾನು ಅಂದು ಯೂರಿಯಾ ಎರಚಿಸಿದ್ದು ಎಲ್ಲ ವಿಧದಲ್ಲೂ ತಪ್ಪಾದ ಗಳಿಗೆಯಲ್ಲಿ. ಉಷ್ಣವಲಯದ ಭತ್ತದ ಗದ್ದೆಗಳಲ್ಲಿ ಇಂಥ ಸನ್ನಿವೇಶದಲ್ಲಿ ಹಾಕಿದ ಸಾರಜನಕದ ಅರ್ಧದವರೆಗೂ ಗಾಳಿಪಾಲಾದದ್ದುಂಟು.

ಗಾಳಿಯಲ್ಲಿ ಕಾದಿರುವ ಜೊತೆಗಾರ

ಹೀಗೆ ಎದ್ದ ಅಮೋನಿಯಾ ಗಾಳಿಯಲ್ಲಿ ಬಹುಕಾಲ ಒಂಟಿಯಾಗಿರುವುದಿಲ್ಲ. ಒಂದಷ್ಟು ಪಾಲು ಹತ್ತಿರದ ಗಿಡಮರ, ನೆಲ, ನೀರಿಗೆ ತಾಗಿ ಅಲ್ಲೇ ಇಳಿಯುತ್ತದೆ. ಉಳಿದದ್ದು ಆಮ್ಲವನ್ನು ಹುಡುಕುತ್ತದೆ. ಗಾಳಿಯಲ್ಲಿ ಆಮ್ಲಕ್ಕೆ ಕೊರತೆಯಿಲ್ಲ. ಕಲ್ಲಿದ್ದಲು ಉರಿದಾಗ ಅದರಲ್ಲಿದ್ದ ಗಂಧಕ ಸಲ್ಫರ್ ಡೈ ಆಕ್ಸೈಡ್ ಅನಿಲವಾಗಿ ಚಿಮಣಿಯಿಂದ ಹೊರಡುತ್ತದೆ. ಹಗಲು ಬಿಸಿಲಿನ ಬಲದಿಂದ ಗಾಳಿಯಲ್ಲಿ ನಡೆಯುವ ಕ್ರಿಯೆಗಳು ಅದನ್ನು ಗಂಧಕಾಮ್ಲದ ಆವಿಯಾಗಿ ಮಾಡುತ್ತವೆ. ಲಾರಿ, ಬಸ್ಸು, ಟ್ರಾಕ್ಟರುಗಳ ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳು ಇದೇ ರೀತಿ ನೈಟ್ರಿಕ್ ಆಮ್ಲವಾಗುತ್ತವೆ. ನಮ್ಮ ರಾಯಚೂರು ಜಿಲ್ಲೆಯನ್ನೇ ನೋಡಿರಿ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರವೂ ಸಿಂಧನೂರು, ಮಾನ್ವಿಗಳ ಭತ್ತದ ಬಯಲೂ ಒಂದೇ ಜಿಲ್ಲೆಯಲ್ಲಿವೆ. ಒಂದು ಕಡೆ ಗಂಧಕ, ಇನ್ನೊಂದು ಕಡೆ ಅಮೋನಿಯಾ. ಗಾಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ.

ಇನ್ನು ಕಣ ಹುಟ್ಟುವ ಸಂಗತಿ. ಇಲ್ಲಿ ಆಲೆಮನೆಯನ್ನು ನೆನಪಿಗೆ ತಂದುಕೊಳ್ಳಿರಿ. ಪಾಕ ಹದಕ್ಕೆ ಬಂದರೂ ಹರಳು ಒಮ್ಮೆಗೇ ಕಟ್ಟುವುದಿಲ್ಲ. ಮೊದಲ ಹರಳು ಕಟ್ಟುವುದೇ ಕಷ್ಟ, ಅದೊಂದು ನಿಂತಿತೆಂದರೆ ಉಳಿದದ್ದು ತಾನಾಗಿ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲೂ ಹೀಗೆಯೇ. ಗಂಧಕಾಮ್ಲದ ಎರಡು ಅಣುಗಳು ಎದುರುಬದುರಾಗಿ ತಾಗಿ ಕೂಡಿಕೊಂಡರೂ, ಮೂರನೆಯದು ಬಂದು ಸೇರುವ ಮೊದಲೇ ಬಿಡಿಸಿಕೊಂಡು ಹೋಗುವುದುಂಟು. ಗುಂಪು ಚಿಕ್ಕದಿದ್ದಷ್ಟೂ ಅದನ್ನು ಬಿಟ್ಟುಹೋಗುವುದು ಸುಲಭ. ನಡುವೆ ಅಮೋನಿಯಾದ ಒಂದು ಅಣು ಬಂದು ಕೂತರೆ ಆಟ ಬದಲಾಗುತ್ತದೆ. ಅದು ಕ್ಷಾರ, ಇವು ಆಮ್ಲ. ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕಟ್ಟಡದಲ್ಲಿ ಕಲ್ಲುಗಳ ನಡುವೆ ಗಾರೆ ಇದ್ದಂತೆ ಅಮೋನಿಯಾ ಕೆಲಸ ಮಾಡುತ್ತದೆ.

ಇದು ಬರಿಯ ಊಹೆಯಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ‘ಕ್ಲೌಡ್’ ಎಂಬ ಪ್ರಯೋಗಕ್ಕಾಗಿ ಮೂರು ಮೀಟರ್ ಅಗಲದ ಉಕ್ಕಿನ ಪೀಪಾಯಿಯೊಂದನ್ನು ನಿಲ್ಲಿಸಿದ್ದಾರೆ. ಒಳಗೆ ಅತ್ಯಂತ ಶುದ್ಧವಾದ ಗಾಳಿ ತುಂಬಿ, ಬೇಕಾದ ಅನಿಲವನ್ನು ಅಳತೆ ಮಾಡಿ ಬಿಟ್ಟು, ಬಿಸಿಲಿನಂಥ ಬೆಳಕು ಹಾಯಿಸಿ, ಕಣಗಳು ಎಷ್ಟು ಬೇಗ ಹುಟ್ಟುತ್ತವೆಂದು ಎಣಿಸುತ್ತಾರೆ. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಲಕ್ಷ ಕೋಟಿ ಪಾಲು ಗಾಳಿಯಲ್ಲಿ ಕೇವಲ ನೂರು ಪಾಲು ಅಮೋನಿಯಾ ಬೆರೆತರೂ, ಗಂಧಕಾಮ್ಲದ ಕಣಗಳು ಹುಟ್ಟುವ ವೇಗ 100ರಿಂದ 1,000 ಪಟ್ಟು ಹೆಚ್ಚುತ್ತದೆ. ಲಕ್ಷ ಕೋಟಿಗೆ ನೂರು ಎಂದರೆ ನಮ್ಮ ಮೂಗಿಗೆ ಸುಳಿವೂ ಹತ್ತದಷ್ಟು ಕಡಿಮೆ. ನಮ್ಮ ಯಜಮಾನರ ಮೂಗಿಗೆ ಬಡಿದದ್ದು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣ. ಅದೇ ತಂಡ 2013ರಲ್ಲಿ ಇನ್ನೊಂದು ಸಂಗತಿ ತಿಳಿಸಿತು. ಅಮೋನಿಯಾದ ಸಂಬಂಧಿಗಳಾದ ಅಮೀನ್ ಎಂಬ ಅನಿಲಗಳು ಈ ಕೆಲಸದಲ್ಲಿ ಅಮೋನಿಯಾಕ್ಕಿಂತಲೂ ಸಾವಿರ ಪಟ್ಟಿಗೂ ಮಿಗಿಲು ಚುರುಕಂತೆ. ಅವು ದನದ ಕೊಟ್ಟಿಗೆ, ಕೊಳೆಯುವ ಸಗಣಿ ಗಂಜಲದಿಂದಲೂ ಏಳುತ್ತವೆ.

ಹುಟ್ಟಿದಾಗ ಈ ಕಣ ಎಷ್ಟು ದೊಡ್ಡದು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೋಮೀಟರ್ ಎನ್ನುತ್ತಾರೆ. ಹೊಸ ಕಣದ ಅಗಲ ಅಂಥ ಒಂದೂವರೆ ಪಾಲು. ಅದನ್ನು ರಾಗಿ ಕಾಳಿನಷ್ಟು ಹಿಗ್ಗಿಸಿದೆವೆಂದು ಇಟ್ಟುಕೊಳ್ಳಿ. ಅದೇ ಲೆಕ್ಕದಲ್ಲಿ ರಾಗಿ ಕಾಳು ಒಂದೂವರೆ ಕಿಲೋಮೀಟರ್ ಎತ್ತರದ ಗುಡ್ಡವಾದೀತು! ಹುಟ್ಟಿದ ಮೇಲೆ ಅದು ಇತರ ಆವಿಗಳನ್ನು ಮೈಗೆ ಹತ್ತಿಸಿಕೊಳ್ಳುತ್ತ ಗಂಟೆಗೆ ಒಂದರಿಂದ ಹತ್ತು ನ್ಯಾನೋಮೀಟರಿನಂತೆ ಬೆಳೆಯುತ್ತದೆ. ಮೊಳೆತ ಬೀಜವೆಲ್ಲ ತೆನೆ ಹಿಡಿಯುವುದಿಲ್ಲವಷ್ಟೆ. ಇಲ್ಲಿಯೂ ಬಹುಪಾಲು ಮರಿಕಣಗಳು ದೊಡ್ಡ ಕಣಗಳಿಗೆ ತಾಗಿ ಅವುಗಳೊಳಗೆ ಕರಗಿಹೋಗುತ್ತವೆ. ಉಳಿದವು ಒಂದೆರಡು ದಿನದಲ್ಲಿ 50ರಿಂದ 100 ನ್ಯಾನೋಮೀಟರ್ ಅಗಲಕ್ಕೆ ಬೆಳೆದು ‘ವಯಸ್ಸಿಗೆ’ ಬರುತ್ತವೆ. ಫಿನ್ಲೆಂಡಿನ ಹ್ಯೂಟಿಯಾಲ ಎಂಬಲ್ಲಿ ಕಾಡಿನ ನಡುವೆ ಇದನ್ನು 1996ರಿಂದ ಬಿಡದೆ ಅಳೆಯುತ್ತಿದ್ದಾರೆ.

ಗಾಳಿಯಲ್ಲಿರುವುದೆಲ್ಲ ಹೀಗೆ ಹುಟ್ಟಿದ್ದೆಂದು ತಿಳಿಯಬಾರದು. ಕಾಲುದಾರಿಯ ಧೂಳು, ಒಲೆಯ ಮಸಿ, ಕೂಳೆ ಸುಟ್ಟ ಬೂದಿ, ಸಮುದ್ರದ ಉಪ್ಪು, ಇವು ಕಣವಾಗಿಯೇ ಗಾಳಿಗೆ ಏರುತ್ತವೆ. ನಾವು ಹೇಳುತ್ತಿರುವುದು ಅನಿಲವಾಗಿ ಏರಿ, ಗಾಳಿಯಲ್ಲಿ ಕಣವಾದುದರ ಮಾತು. ಇದರಲ್ಲಿ ಗಿಡಮರಗಳ ಪಾಲೂ ಉಂಟು. ನೀಲಗಿರಿ ಎಲೆ ಉಜ್ಜಿದರೆ ಬರುವಂಥ ವಾಸನೆಯ ಆವಿಗಳು ಕಾಡಿನಿಂದ ಸದಾ ಏಳುತ್ತಿರುತ್ತವೆ. ದೂರದ ಬೆಟ್ಟಗಳ ಮೇಲಿನ ನೀಲಿ ಮಬ್ಬು ಈ ಆವಿಗಳಿಂದ ಆದ ಕಣಗಳಿಂದಲೇ ಎಂದು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲೇ ಬರೆದರು. ಮರಗಳ ಆವಿಯೊಂದರಿಂದಲೇ, ಗಂಧಕಾಮ್ಲವಿಲ್ಲದೆಯೂ ಕಣ ಹುಟ್ಟಬಲ್ಲದೆಂದು ಜಿನೀವಾದ ಪೀಪಾಯಿ 2016ರಲ್ಲಿ ತೋರಿಸಿಕೊಟ್ಟಿತು.

ಮಳೆಗೂ ಇದಕ್ಕೂ ಏನು ಸಂಬಂಧ?

ಸಂಬಂಧವಿದೆ, ಆದರೆ ಕೆಲವರು ಹೇಳಿದಷ್ಟು ಸರಳವಾಗಿಲ್ಲ.

ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಎಂಬಾತ 1880ರಲ್ಲಿ ತನ್ನ ಸರಳ ಪ್ರಯೋಗವೊಂದನ್ನು ಎಡಿನ್‌ಬರೋದ ವಿದ್ವತ್ಸಭೆಯ ಮುಂದಿಟ್ಟ. ಎರಡು ಗಾಜಿನ ಪಾತ್ರೆ. ಒಂದರಲ್ಲಿ ಸಾಮಾನ್ಯ ಗಾಳಿ, ಇನ್ನೊಂದರಲ್ಲಿ ಅರಳೆಯ ಮೂಲಕ ಸೋಸಿದ ಗಾಳಿ. ಎರಡಕ್ಕೂ ನೀರಿನ ಹಬೆ ಬಿಟ್ಟಾಗ ಮೊದಲನೆಯದರಲ್ಲಿ ದಟ್ಟ ಮಂಜು ಕಟ್ಟಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ನೀರಿನ ಆವಿಗೆ ಕೂತು ಹನಿಯಾಗಲು ಒಂದು ಆಸನ ಬೇಕು. ಕಣವೇ ಆ ಆಸನ. ಕಣವಿಲ್ಲದ ಗಾಳಿಯಲ್ಲಿ ಆವಿ ತಾನಾಗಿ ಹನಿಯಾಗಬೇಕಾದರೆ, ಗಾಳಿ ಸಾಮಾನ್ಯವಾಗಿ ಹಿಡಿಯಬಲ್ಲುದಕ್ಕಿಂತ ಹಲವು ಪಟ್ಟು ತೇವ ಅದರಲ್ಲಿ ತುಂಬಿರಬೇಕು. ಪ್ರಕೃತಿಯಲ್ಲಿ ಅಷ್ಟು ತೇವ ಎಲ್ಲಿಯೂ ಇಲ್ಲ. ಗಾಳಿಯ ಕಣಗಳನ್ನು ಎಣಿಸುವ ಯಂತ್ರವನ್ನೂ ಐಟ್ಕೆನ್ ಮಾಡಿದ. ಕಣಗಳು ಗಾಳಿಯಲ್ಲೇ ಹೊಸದಾಗಿ ಹುಟ್ಟುವ ಸೂಚನೆ ಆತನಿಗೆ 1897ರ ಹೊತ್ತಿಗೇ ಸಿಕ್ಕಿತ್ತು. ಇಂದಿನ ಅಂದಾಜಿನಂತೆ ಲೋಕದ ಮೋಡದ ಬೀಜಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಅನಿಲದಿಂದ ಹುಟ್ಟಿದ ಕಣಗಳೇ.

‘ಹಾಗಾದರೆ ಯೂರಿಯಾ ಹಾರಿದಷ್ಟೂ ಮಳೆ ಹೆಚ್ಚಾಯಿತಲ್ಲ ಸಾರ್, ಒಳ್ಳೆಯದೇ ಆಯಿತು’ ಎಂದು ವಾಚನಾಲಯದಲ್ಲಿ ಒಬ್ಬ ತರುಣ ನನ್ನನ್ನು ಕೆಣಕಿದ್ದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ರಾಗಿಯನ್ನು ಒತ್ತೊತ್ತಾಗಿ ಚೆಲ್ಲಿ, ಪೈರು ತೆಳುಮಾಡದೆ ಬಿಟ್ಟರೆ ಏನಾಗುತ್ತದೆ? ಸಸಿ ಲೆಕ್ಕವಿಲ್ಲದಷ್ಟು, ತೆನೆ ಮಾತ್ರ ಬಡಕಲು. ಮೋಡದಲ್ಲೂ ಇರುವ ತೇವ ಇಷ್ಟೇ. ಬೀಜ ಹೆಚ್ಚಾದರೆ ಅದೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗಿ ಪ್ರತಿಯೊಂದು ಹನಿಯೂ ಕಿರಿದಾಗುತ್ತದೆ. ಮೋಡದ ಹನಿಯೊಂದರ ಅಗಲ ಸುಮಾರು 0.02 ಮಿಲಿಮೀಟರ್. ಎರಡು ಮಿಲಿಮೀಟರಿನ ಒಂದು ಮಳೆಹನಿಯಾಗಲು ಅಂಥ ಹತ್ತು ಲಕ್ಷ ಹನಿ ಒಂದಾಗಬೇಕು. ಹನಿಗಳು ತೀರ ಕಿರಿದಾದರೆ ಒಂದಕ್ಕೊಂದು ತಾಗಿ ಕೂಡಿಕೊಳ್ಳುವುದೇ ಕಡಿಮೆ. ಮೋಡ ನಿಲ್ಲುತ್ತದೆ, ಬೆಳ್ಳಗೆ ಹೊಳೆಯುತ್ತದೆ, ಮಳೆ ತಡವಾಗುತ್ತದೆ. 2017ರಲ್ಲಿ ನಮ್ಮ ರಾಜ್ಯದಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ವಿಮಾನದಿಂದ ಮೋಡಬಿತ್ತನೆ ಮಾಡಿದ್ದು ನೆನಪಿರಬಹುದು. ಬೆಚ್ಚಗಿನ ಮೋಡಕ್ಕೆ ಹೀಗೆ ಬಿತ್ತುವುದು ಉಪ್ಪಿನ ದೊಡ್ಡ ಕಣಗಳನ್ನು. ದೊಡ್ಡ ಬೀಜ ದೊಡ್ಡ ಹನಿ ಕಟ್ಟಿ ಸುತ್ತಲಿನ ಸಣ್ಣ ಹನಿಗಳನ್ನು ಸೆಳೆದುಕೊಳ್ಳಲೆಂಬುದು ಅದರ ಉದ್ದೇಶ. ಅನಿಲದಿಂದ ಹುಟ್ಟುವುದು ಇದಕ್ಕೆ ತದ್ವಿರುದ್ಧವಾದ ಅತಿಸಣ್ಣ ಬೀಜ. ಆದ್ದರಿಂದ ಯೂರಿಯಾ ಹಾರಿಸಿ ಮಳೆ ತರಿಸುವ ಆಸೆ ಬೇಡ.

ದೆಹಲಿಯ ಆಕಾಶದಲ್ಲಿ ನವಸಾಗರ

ಮಳೆಯಲ್ಲಿ ತೊಳೆದು ನೆಲಕ್ಕಿಳಿಯುವ ತನಕ ಈ ಕಣಗಳು ಹಲವು ದಿನ ತೇಲುತ್ತ ನೂರಾರು ಕಿಲೋಮೀಟರ್ ಸಾಗಬಲ್ಲವು. ‘ಹೋದದ್ದು ಮಳೆಯಲ್ಲಿ ಮರಳಿ ಬರುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಬರುವುದು ನಿಜ, ಆದರೆ ಯಾರ ಹೊಲಕ್ಕೆ? ನಿಮ್ಮ ಚೀಲದ ಸಾರಜನಕ ಇನ್ನೊಂದು ಜಿಲ್ಲೆಯ ಕಳೆಗಿಡಕ್ಕೆ ಗೊಬ್ಬರವಾದರೆ ನಿಮಗೇನು ಬಂತು?

ಅಲ್ಲಿಗೆ ಮುಟ್ಟುವ ಮೊದಲು ಅದು ಜನರ ಎದೆಯೊಳಗೂ ಹೋಗುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ ಮೂಗು ಗಂಟಲುಗಳಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅಮೋನಿಯಂ ಸಲ್ಫೇಟ್, ಅಮೋನಿಯಂ ನೈಟ್ರೇಟ್ ಕಣಗಳೆಲ್ಲ ಈ ಅಳತೆಯೊಳಗಿನವೇ. ಕೆಮ್ಮು ದಮ್ಮು ಇರುವವರಿಗೆ, ಎಳೆಯ ಮಕ್ಕಳಿಗೆ, ಹೃದ್ರೋಗಿಗಳಿಗೆ ಇವು ಹೆಚ್ಚಿನ ಅಪಾಯ ಒಡ್ಡುತ್ತವೆ. ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಸಣ್ಣ ಕಣಗಳು 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40.

ಅಮೋನಿಯಾ ಅತಿ ಹೆಚ್ಚಾಗಿ ಏಳುವ ಪ್ರದೇಶಗಳಲ್ಲಿ ಗಂಗಾ ಬಯಲು ಮೊದಲ ಸಾಲಿನಲ್ಲಿದೆಯೆಂದು ಉಪಗ್ರಹಗಳ ಅಳತೆ ತೋರಿಸುತ್ತದೆ. ಕಾರಣ ಯೂರಿಯಾ ಮತ್ತು ದನಕರು. ದೆಹಲಿಯ ಚಳಿಗಾಲದ ಮಬ್ಬಿನ ಬಗ್ಗೆ ಮದರಾಸಿನ ಐ.ಐ.ಟಿ. ವಿಜ್ಞಾನಿಗಳು ಇತರರೊಡನೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ಲಾಸ್ಟಿಕ್ ಬೆರೆತ ಕಸ ಸುಡುವುದರಿಂದಲೂ ಕೆಲವು ಕೈಗಾರಿಕೆಗಳಿಂದಲೂ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಅದು ಅಮೋನಿಯಾದೊಡನೆ ಕೂಡಿ ಅಮೋನಿಯಂ ಕ್ಲೋರೈಡ್ ಆಗುತ್ತದೆ. ಆ ಕಣ ಚಳಿಯಲ್ಲಿ ನೀರು ಹೀರಿ ಉಬ್ಬಿ ಬೆಳಕನ್ನು ತಡೆಯುತ್ತದೆ. ಅಮೋನಿಯಂ ಕ್ಲೋರೈಡ್ ಎಂದರೆ ಬೇರೇನಲ್ಲ, ಕಲಾಯಿಯವರ ನವಸಾಗರವೇ! ಊರ ಮರದ ಕೆಳಗೆ ಒಂದು ಚಿಟಿಕೆಯಿಂದ ಎದ್ದು ಕರಗುತ್ತಿದ್ದ ಬಿಳಿ ಹೊಗೆ ಅಲ್ಲಿ ಒಂದು ಮಹಾನಗರದ ಮೇಲೆ ಕವಿದು ನಿಂತಿದೆ. ಒಡೆದ ಪಿ.ವಿ.ಸಿ. ಪೈಪುಗಳನ್ನು ಬದುವಿನ ಮೇಲೆ ಹಾಕಿ ಬೆಂಕಿ ಹಚ್ಚುವ ರೂಢಿ ನಮ್ಮಲ್ಲೂ ಶುರುವಾಗಿದೆ. ದಯವಿಟ್ಟು ಬಿಡಿರಿ. ಅದರಿಂದ ಏಳುವುದೂ ಇದೇ ಅನಿಲ.

ಚಿಮಣಿಯನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ. ಅಮೋನಿಯಾವನ್ನು ನೆಲದಲ್ಲಿ ಹಿಡಿದಿಡುವುದು ಬಹಳ ಮಟ್ಟಿಗೆ ನಿಮ್ಮ ಕೈಯಲ್ಲಿದೆ.

ನೆಲದಲ್ಲಿ ಹಿಡಿದಿಡುವ ಕ್ರಮ

ಈಗಿನ ಯೂರಿಯಾ ಚೀಲ 45 ಕಿಲೋ. ಅದರಲ್ಲಿ ಸಾರಜನಕ ಶೇಕಡ 46, ಎಂದರೆ 20.7 ಕಿಲೋ. ಮೂರರಲ್ಲಿ ಒಂದು ಪಾಲು ಹಾರಿಹೋದರೆ ಚೀಲದಿಂದ 15 ಕಿಲೋ ಯೂರಿಯಾವನ್ನು ರಸ್ತೆಯಲ್ಲಿ ಚೆಲ್ಲಿಕೊಂಡು ಬಂದಂತೆ. ಚೀಲಕ್ಕೆ ರೂ. 242, ಬೇವಿನ ಲೇಪನದ ಖರ್ಚು ಮತ್ತು ತೆರಿಗೆ ಬೇರೆ. ಅಗ್ಗವಾದ ಕಾರಣದಿಂದಲೇ ನಾವು ಅಸಡ್ಡೆಯಿಂದ ಎರಚುತ್ತೇವೆಂಬುದು ನನ್ನ ಅಭಿಪ್ರಾಯ. ಹಂಗಾಮಿನಲ್ಲಿ ಗೊಬ್ಬರಕ್ಕಾಗಿ ಬೆಳಗಿನ ಜಾವದಿಂದ ಸಾಲು ನಿಲ್ಲುವವರು, ಮನೆಗೆ ತಂದ ಮೇಲೆ ಅದರ ಮೂರನೇ ಒಂದು ಪಾಲನ್ನು ಗಾಳಿಗೆ ಬಿಡುವುದು ಎಂಥ ವಿಪರ್ಯಾಸ!

ಭತ್ತದ ಗದ್ದೆಯಲ್ಲಿ ಮೊದಲ ಕಂತನ್ನು ಕೊನೆಯ ಕೆಸರು ಉಳುಮೆಯಲ್ಲಿ ಮಣ್ಣಿಗೆ ಬೆರೆಸಿರಿ. ನಾಟಿ ಆದ ಮೇಲೆ ನೀರಿಗೆ ಎರಚಬೇಡಿ. ಮೇಲುಗೊಬ್ಬರದ ದಿನ ನೀರು ಬಸಿದು, ಬರಿಯ ಕೆಸರಿನ ಮೇಲೆ ಯೂರಿಯಾ ಹಾಕಿ, ಕಳೆ ತೆಗೆಯುವ ಯಂತ್ರ ಓಡಿಸಿ ಅಥವಾ ಕಾಲಿನಿಂದ ತುಳಿಸಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿರಿ. ಕಾಲುವೆಯ ಕೊನೆಯಂಚಿನಲ್ಲಿರುವವರು ‘ಬಸಿದ ನೀರು ಮತ್ತೆ ಸಿಗುವುದೆಂತು?’ ಎಂದು ಹೆದರುವುದು ಸಹಜ. ಅಂಥವರು ಸರದಿಯ ನೀರು ಬರುವ ಹಿಂದಿನ ದಿನವನ್ನೇ ಗೊಬ್ಬರಕ್ಕೆ ಗೊತ್ತುಮಾಡಿಕೊಳ್ಳುವುದು ಸೂಕ್ತ. ಅದೂ ಆಗದಿದ್ದರೆ ಕೊನೆಯ ಪಕ್ಷ ಸಂಜೆಯ ಹೊತ್ತನ್ನು ಆರಿಸಿಕೊಳ್ಳಿರಿ. ಪಾಚಿ ದಟ್ಟವಾಗಿರುವ ಗದ್ದೆಯಲ್ಲಿ ನಡುಮಧ್ಯಾಹ್ನ ಮಾತ್ರ ಖಂಡಿತ ಕೂಡದು. ಇಡೀ ಪ್ರಮಾಣವನ್ನು ಒಮ್ಮೆಗೇ ಸುರಿಯದೆ ನಾಟಿಗೆ, ತೆಂಡೆ ಒಡೆಯುವಾಗ, ತೆನೆ ಮೂಡುವ ಹಂತದಲ್ಲಿ ಎಂದು ಮೂರು ಕಂತು ಮಾಡತಕ್ಕದ್ದು. ಎಲೆಯ ಬಣ್ಣ ನೋಡುವ ಪಟ್ಟಿ ಸಿಕ್ಕರೆ ಅದನ್ನು ಹಿಡಿದು ನೋಡಿ, ಬೇಕೆನಿಸಿದಾಗ ಮಾತ್ರ ಕೊಡಿರಿ.

ಜೋಳ, ಮೆಕ್ಕೆಜೋಳ, ಹತ್ತಿಗೆ ಸಾಲಿನ ಪಕ್ಕದಲ್ಲಿ ಎರಡು ಮೂರು ಅಂಗುಲ ಆಳಕ್ಕೆ ಹಾಕಿ ಮಣ್ಣು ಮುಚ್ಚಿರಿ. ಮೇಲೆ ಎರಚಲೇಬೇಕಾದರೆ ಹಿಂದೆಯೇ ನೀರು ಹಾಯಿಸಿರಿ, ಇಲ್ಲವೇ ಚೆನ್ನಾಗಿ ಮಳೆ ಬರುವ ಲಕ್ಷಣ ನೋಡಿ ಹಾಕಿರಿ. ಬರಿಯ ಇಬ್ಬನಿಯಿಂದ, ತುಂತುರಿನಿಂದ ಉಪಯೋಗವಿಲ್ಲ. ಅದು ಕಾಳನ್ನು ಕರಗಿಸುತ್ತದೆಯೇ ಹೊರತು ಕೆಳಗಿಳಿಸುವುದಿಲ್ಲ. ಯೂರಿಯಾವನ್ನು ಒಲೆಯ ಬೂದಿ ಅಥವಾ ಸುಣ್ಣದೊಡನೆ ಬೆರೆಸಿ ಹಾಕುವವರನ್ನು ಕಂಡಿದ್ದೇನೆ. ಎರಡೂ ಕ್ಷಾರ, ಅಮೋನಿಯಾ ಹೊರದೂಡುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ.

2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯವಾಗಿದೆ. ‘ಬೇವು ಇದೆಯಲ್ಲ, ಹೇಗೆ ಹಾಕಿದರೂ ನಡೆಯುತ್ತದೆ’ ಎಂಬ ನೆಮ್ಮದಿ ಸಲ್ಲದು. ಬೇವು ಮುಖ್ಯವಾಗಿ ತಡೆಯುವುದು ಅಮೋನಿಯಂ ನೈಟ್ರೇಟ್ ರೂಪಕ್ಕೆ ತಿರುಗಿ ನೀರಿನೊಡನೆ ಇಂಗಿಹೋಗುವ ನಷ್ಟವನ್ನು. ಮೇಲ್ಮೈಯಿಂದ ಅನಿಲವಾಗಿ ಹಾರುವುದಕ್ಕೆ ಅದೊಂದನ್ನೇ ನೆಚ್ಚಿ ಕೂರಲಾಗದು. ಆ ನಷ್ಟಕ್ಕೆ ಮಣ್ಣಿನ ಮುಚ್ಚಿಗೆಯೇ ಮದ್ದು.

ತಿಪ್ಪೆಗೂ ಇದೇ ನ್ಯಾಯ. ಕೊಟ್ಟಿಗೆಗೆ ಬೆಳಗ್ಗೆ ಕಾಲಿಟ್ಟಾಗ ಕಣ್ಣಿಗೆ ಚುರ್ರೆನ್ನುವುದು ಅಮೋನಿಯಾವೇ. ಗಂಜಲ ಹೀರಲು ಒಣ ಮಣ್ಣು, ಹುಲ್ಲು ಹಾಸಿ, ಮಾರನೆಯ ದಿನ ಗುಂಡಿಗೆ ಹಾಕಿರಿ. ಸೂಪರ್ ಫಾಸ್ಫೇಟನ್ನು ಸ್ವಲ್ಪ ಉದುರಿಸಿದರೆ ಅಮೋನಿಯಾವನ್ನು ಅದು ಹಿಡಿದುಕೊಳ್ಳುತ್ತದೆ. ಗುಂಡಿ ತುಂಬಿದ ಮೇಲೆ ಮಣ್ಣು ಮೆತ್ತಿ ಮುಚ್ಚಿರಿ.

ನಂಬಿಕೆ ಬಾರದವರು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಅಗಲ ಬಾಯಿಯ, ಮುಚ್ಚಳವಿರುವ ಎರಡು ಗಾಜಿನ ಭರಣಿಗಳಲ್ಲಿ ನಿಮ್ಮ ಹೊಲದ ಹಸಿಮಣ್ಣನ್ನು ಅರ್ಧ ತುಂಬಿರಿ. ಒಂದು ಚಮಚ ಯೂರಿಯಾವನ್ನು ಮೊದಲನೆಯ ಭರಣಿಯಲ್ಲಿ ಮಣ್ಣಿನ ಮೇಲೆ ಉದುರಿಸಿ, ಎರಡನೆಯದರಲ್ಲಿ ಮೂರು ಅಂಗುಲ ಕೆಳಗೆ ಹೂತು ಮಣ್ಣು ಒತ್ತಿರಿ. ಬಿಳಿ ಬಟ್ಟೆಯ ಎರಡು ಚೂರುಗಳನ್ನು ಅರಿಶಿನದ ನೀರಿನಲ್ಲಿ ಅದ್ದಿ ಹಿಂಡಿ, ಮಣ್ಣಿಗೆ ತಾಗದಂತೆ ಒಂದೊಂದನ್ನು ಒಂದೊಂದು ಮುಚ್ಚಳದ ಕೆಳಗೆ ತೂಗುಬಿಟ್ಟು ಬಿಗಿಯಾಗಿ ಮುಚ್ಚಿ, ನೆರಳಿನಲ್ಲಿಡಿ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುವುದು ಕುಂಕುಮ ಮಾಡುವ ಮನೆಯವರಿಗೆಲ್ಲ ಗೊತ್ತು. ಎರಡು ಮೂರು ದಿನದಲ್ಲಿ ಯಾವ ಭರಣಿಯ ಬಟ್ಟೆ ಮೊದಲು ಕೆಂಪಗಾಯಿತೆಂದು ನೋಡಿರಿ. ಆಮೇಲೆ ಆ ಬಟ್ಟೆಯನ್ನು ಹೊರತೆಗೆದು ಬಯಲಿನ ಗಾಳಿಗೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಅದು ಮತ್ತೆ ಹಳದಿಗೆ ತಿರುಗುತ್ತದೆ. ಅಷ್ಟರಲ್ಲಿ ಅಮೋನಿಯಾ ಅದನ್ನು ಬಿಟ್ಟು ಗಾಳಿಗೆ ಸೇರಿರುತ್ತದೆ.